ಟೀಚರಿಗಿಂತ ಒಂದು ಸಾವಿರ ಜಾಸ್ತಿ

ನನ್ನ ಸಂಬಳ ಎಷ್ಟೆಂದು ನನ್ನ ಅತ್ತೆಗೆ ಗೊತ್ತಾಗಿದ್ದು ಕಟಿಂಗ್ ಶಾಪಿನವನಿಂದ. ಮದುವೆಯಾದಂದಿನಿಂದ ನಾನು ಅಲ್ಲಿಗೂ ಇಲ್ಲಿಗೂ ತೇಲಿಸಿಕೊಂಡು ಬಂದಿದ್ದ ವಿಷಯವನ್ನು ಆ ಮಹಾರಾಯ ಒಂದು ಭಾನುವಾರ ಬೆಳಿಗ್ಗೆ, ಬೇಕರಿಯವನ ಅರ್ಧ ಗಡ್ಡ ಹೆರೆದು ಇನ್ನರ್ಧಕ್ಕೆ ಸೋಪು ಹಚ್ಚಿ ಕೂರಿಸಿ, ಪೇಪರ್ ಎತ್ತಿಕೊಂಡು ಇಡೀ ಬೀದಿಗೆ ಕೇಳುವಂತೆ ಓದಿಬಿಟ್ಟ.

"ಪ್ರಾಥಮಿಕ ಶಾಲೆ, ಸಹಶಿಕ್ಷಕಿ, ತಿಂಗಳಿಗೆ ಮೂವತ್ತೆರಡು ಸಾವಿರ! ನಮ್ಮ ಟೀಚರಮ್ಮನದೇ ಕಣ್ರೋ!"

ಆ ದಿನ ಪೇಪರಿನವರು ಒಂದು ಪೂರಾ ಪುಟ ಅಂಕಿಗಳಿಗೇ ಬಿಟ್ಟಿದ್ದರು. ಯಾವ ಸರ್ಕಾರಿ ಹುದ್ದೆಗೆ ಎಷ್ಟು ಸಂಬಳ, ಯಾವ ಬೀದಿಯವರ ಆದಾಯ ಎಷ್ಟು, ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಜನ ಟೀಚರ್. ಎಲ್ಲವೂ ಅಂಕಿಅಂಶ ಕಚೇರಿಯ ದಪ್ಪ ಪುಸ್ತಕದಿಂದ ಎತ್ತಿದ್ದು. ಆ ಪುಸ್ತಕ ಲೈಬ್ರರಿಯಲ್ಲಿ ಎಲ್ಲರ ಕಣ್ಣೆದುರಿಗೇ ಧೂಳು ತಿನ್ನುತ್ತ ಕೂತಿತ್ತು, ಒಂದು ನರಪಿಳ್ಳೆಯೂ ಮುಟ್ಟಿರಲಿಲ್ಲ. ಪೇಪರಿನಲ್ಲಿ ಬಂದದ್ದೇ ತಡ, ಊರಿಗೆ ಊರೇ ಲೆಕ್ಕದ ಮೇಷ್ಟ್ರಾಗಿ ಕೂತಿತು.

ಕಟಿಂಗ್ ಶಾಪಿನ ಎದುರಿಗೇ ಟೈಲರ್ ಅಂಗಡಿ. ನಮ್ಮತ್ತೆ ಅಲ್ಲಿ ಗುಂಡಿ ಹೊಲಿಯುವುದು, ಕಾಜ ಮಾಡುವುದು. ಬಾಯಲ್ಲಿ ಕಚ್ಚಿಕೊಂಡಿದ್ದ ದಾರ ಬಿಟ್ಟು ನೆಟ್ಟಗೆ ಮನೆಗೆ ಬಂದರು. ನಾನು ಬಟ್ಟೆ ಒಣಹಾಕುತ್ತಿದ್ದೆ.

"ಮೂವತ್ತೆರಡಾ?" ಎಂದರು.

"ಹ್ಞೂಂ ಅತ್ತೆ."

"ನಾನು ಇಪ್ಪತ್ತು ಅಂದ್ಕೊಂಡು ನಿನ್ನ ನೋಡಿದಾಗೆಲ್ಲ ಅಯ್ಯೋ ಪಾಪ ಅಂತಿದ್ದೆ. ಇಷ್ಟು ವರ್ಷದ ಅಯ್ಯೋ ಪಾಪ ಎಲ್ಲಾ ದಂಡ!"

ನಮ್ಮತ್ತೆ ಹೀಗೆಯೇ. ಒಂದು ದಿನವೂ ಬಾಯ್ತುಂಬ ಹೊಗಳಿದವರಲ್ಲ, ಒಂದು ದಿನವೂ ನಾನು ಊಟ ಮಾಡದೆ ತಾವು ಮಾಡಿದವರೂ ಅಲ್ಲ. ನಾವಿಬ್ಬರೂ ದಿನಾ ಸಂಜೆ ಏನಾದರೊಂದಕ್ಕೆ ಜಗಳ ತೆಗೆಯುತ್ತೇವೆ. ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಮಾತಾಡುವುದೆಲ್ಲ ಎಂಜಿನ್ ಜೊತೆಗೇ. ಮನೆಯಲ್ಲಿ ನಾವಿಬ್ಬರೂ ಜಗಳವಾಡದಿದ್ದರೆ ಗಡಿಯಾರದ ಸದ್ದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ನನ್ನ ಸಂಬಳದ ಸುದ್ದಿ ಅಲ್ಲಿಗೇ ನಿಂತಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಕಟಿಂಗ್ ಶಾಪಿನವನ ಕಣ್ಣು ಪಕ್ಕದ ಪಟ್ಟಿಗೆ ಜಾರಿತು. ಬೀದಿಗಳ ಆದಾಯದ ಪಟ್ಟಿ. ಮೇಲಿಂದ ಹುಡುಕುತ್ತ ಬಂದ, ಬಂದ, ಬರುತ್ತಲೇ ಹೋದ. ಅವನ ದನಿ ಇಳಿಯುತ್ತ ಹೋಯಿತು. ನಮ್ಮ ಬೀದಿ ಕಟ್ಟಕಡೆಯಲ್ಲಿತ್ತು. ನಮ್ಮ ಕೆಳಗೆ ಮುದ್ರಣಾಲಯದ ವಿಳಾಸ ಬಿಟ್ಟರೆ ಬೇರೇನೂ ಇರಲಿಲ್ಲ.

ಇದರಲ್ಲಿ ಅಂಕಿಅಂಶ ಕಚೇರಿಯವರ ತಪ್ಪೇನಿಲ್ಲ. ಮೂರು ವರ್ಷದ ಹಿಂದೆ ಸಮೀಕ್ಷೆಗೆ ಒಬ್ಬ ಬಂದಿದ್ದ. ಕೈಯಲ್ಲಿ ಫಾರಂ, ಕೊರಳಲ್ಲಿ ಗುರುತಿನ ಚೀಟಿ. ತೆರಿಗೆಯವನೇ ಇರಬೇಕೆಂದು ನಮ್ಮ ಬೀದಿಯವರು ಸಾರಾಸಗಟಾಗಿ ಬಡವರಾಗಿಬಿಟ್ಟರು. ಟೈಲರು ಈಗೆಲ್ಲ ಯಾರು ಬಟ್ಟೆ ಹೊಲಿಸ್ತಾರೆ ಎಂದ, ಹಾಗೆನ್ನುವಾಗ ಅವನ ಹಿಂದೆ ಗೂಟಕ್ಕೆ ಜಾಗವಿಲ್ಲದಷ್ಟು ಪ್ಯಾಂಟು ನೇತಾಡುತ್ತಿದ್ದವು. ಬೇಕರಿಯವನು ವಾರಕ್ಕೆ ಎರಡೇ ಸಲ ಒಲೆ ಹಚ್ಚೋದು ಎಂದು ಆಣೆ ಇಟ್ಟ. ಆಗ ಒಲೆ ಧಗಧಗ ಉರಿಯುತ್ತಿತ್ತು.

ಈಗ ಅದೇ ಮಾತು ಅಚ್ಚಾಗಿ, ನೆಂಟರಿಷ್ಟರ ಮನೆಯನ್ನೆಲ್ಲ ಮುಟ್ಟಿತು. ಮಧ್ಯಾಹ್ನದ ಹೊತ್ತಿಗೆ ಬೇಕರಿಯವನ ಹೆಂಡತಿಯ ತಮ್ಮ ಫೋನ್ ಮಾಡಿ, "ಭಾವ, ಸಂಕೋಚ ಪಟ್ಕೋಬೇಡಿ. ಏನಾದ್ರೂ ಬೇಕಿದ್ರೆ ಬಾಯ್ಬಿಟ್ಟು ಕೇಳಿ," ಎಂದ. ಬೇಕರಿಯವನು ಫೋನನ್ನು ಮೈದಾ ಹಿಟ್ಟಿನ ಡಬ್ಬಕ್ಕೆ ಎಸೆದ. ಮರುದಿನ ಟೈಲರಿಗೆ ಅವನ ಮಾವನ ಮನೆಯಿಂದ ಒಂದು ಮೂಟೆ ಹಳೇ ಬಟ್ಟೆ ಬಂತು. ಟೈಲರಿಗೆ ಹಳೇ ಬಟ್ಟೆ! ಪಾಪದ ಮನುಷ್ಯ ಒಂದೊಂದನ್ನೇ ಬಿಡಿಸಿ ಒಳಹೊಲಿಗೆ ನೋಡಿದ. "ಕಳಿಸಿದ್ದಕ್ಕಿಂತ ಈ ಹೊಲಿಗೆ ನೋಡಿ ಹೊಟ್ಟೆ ಉರೀತಿದೆ," ಎಂದು ನನ್ನ ಮುಂದೆ ಹೇಳಿಕೊಂಡ. ನಗಬಾರದೆಂದು ಎಷ್ಟು ತಡೆದುಕೊಂಡರೂ ನನಗೆ ನಗು ಬಂದೇಬಿಟ್ಟಿತು.

ನನ್ನ ನಗು ಶಾಲೆಯ ಬಾಗಿಲವರೆಗೆ ಮಾತ್ರ ಉಳಿಯಿತು. ಹೆಡ್‌ಮಾಸ್ಟರು ಒಂದು ಸುತ್ತೋಲೆ ಹಿಡಿದು ಕಾಯುತ್ತಿದ್ದರು.

"ಹೊಸ ಸಮೀಕ್ಷೆ ಶುರುವಾಗ್ತಿದೆ. ಈ ಸಲ ಟೀಚರ್‌ಗಳೇ ಮಾಡಬೇಕಂತೆ. ಈ ಬೀದಿ ನಿಮಗೆ ಬಿದ್ದಿದೆ," ಎಂದವರು ದನಿ ತಗ್ಗಿಸಿದರು. "ನಿಮ್ಮ ಹುದ್ದೆ ಯಾವ ಲೆಕ್ಕದಲ್ಲಿ ಬಂದದ್ದು ಅನ್ನೋದು ನೆನಪಿದೆ ತಾನೇ?"

ಮರೆಯುವುದು ಹೇಗೆ? ನಮ್ಮ ಶಾಲೆಯಲ್ಲಿರುವ ಅರವತ್ತೆರಡು ಮಕ್ಕಳಿಗೆ ನಿಯಮದ ಪ್ರಕಾರ ಇಬ್ಬರೇ ಶಿಕ್ಷಕರು: ಹೆಡ್‌ಮಾಸ್ಟರು ಮತ್ತು ಇನ್ನೊಬ್ಬರು ಹಿರಿಯ ಮೇಷ್ಟ್ರು. ನಾನು ಮೂರನೆಯವಳು. ಕಡಿಮೆ ಆದಾಯದ ಬೀದಿಯ ಶಾಲೆಗೆ ಒಂದು ಹೆಚ್ಚುವರಿ ಹುದ್ದೆ ಎಂಬ ನಿಯಮದಲ್ಲಿ ಬಂದವಳು. ಅದಕ್ಕೆ ಮೊದಲು ನಾನು ಎರಡು ಗಂಟೆ ಬಸ್ಸಿನಲ್ಲಿ ಹೋಗಿ ಎರಡು ಗಂಟೆ ಬಸ್ಸಿನಲ್ಲಿ ಬರುತ್ತಿದ್ದೆ. ಮಗಳು ಏಳುವ ಮೊದಲು ಹೊರಟು, ಅವಳು ತೂಕಡಿಸುವ ಹೊತ್ತಿಗೆ ಮನೆ ಸೇರುತ್ತಿದ್ದೆ. ಅವಳು ನನ್ನನ್ನು ಭಾನುವಾರದ ಅಮ್ಮ ಎನ್ನುತ್ತಿದ್ದಳು, ತಮಾಷೆಗಲ್ಲ. ಈಗ ಅವಳೂ ಇದೇ ಶಾಲೆಯಲ್ಲಿ ಓದುತ್ತಾಳೆ. ನಾಲ್ಕೂವರೆಗೆಲ್ಲ ಅವಳ ಕೈ ಹಿಡಿದು ಮನೆಯಲ್ಲಿರುತ್ತೇನೆ. ಬೀದಿ ಬಡತನ ಬಿಟ್ಟರೆ ನಾನು ಬೀದಿ ಬಿಡಬೇಕು. ವಿಷಯ ಇಷ್ಟೇ.

"ಒಂದು ಮಾತು ಅವರ ಕಿವಿಗೆ ಹಾಕಿ," ಎಂದರು ಹೆಡ್‌ಮಾಸ್ಟರು.

"ಏನಂತ ಹಾಕ್ಲಿ ಸಾರ್? ನನ್ನ ಹೊಟ್ಟೆಪಾಡಿಗೋಸ್ಕರ ನೀವೆಲ್ಲ ಬಡವರಾಗೇ ಇರಿ ಅಂತಾನಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ಸಮೀಕ್ಷೆಗೆ ಮೊದಲು ಅಂಕಿಅಂಶ ಕಚೇರಿಯಲ್ಲಿ ತರಬೇತಿ. ಅಲ್ಲಿಯ ಅಧಿಕಾರಿಗೆ ಊರವರೆಲ್ಲ ದಶಾಂಶ ಸಾಹೇಬರು ಎನ್ನುತ್ತಾರೆ. ಆ ಮನುಷ್ಯನ ಬಾಯಲ್ಲಿ ಇಡಿಯಾದ ಸಂಖ್ಯೆ ಬಂದದ್ದನ್ನು ಕೇಳಿದವರಿಲ್ಲ. ಮಕ್ಕಳೆಷ್ಟು ಸಾರ್ ಎಂದು ಯಾರೋ ಕೇಳಿದ್ದಕ್ಕೆ, "ನಮ್ಮ ಬಡಾವಣೆಯ ಸರಾಸರಿ ಎರಡು ಬಿಂದು ಒಂದು. ನಾನು ಅದರ ಹತ್ತಿರದಲ್ಲಿದ್ದೇನೆ," ಎಂದಿದ್ದರಂತೆ. ಅವರು ನಮಗೆ ಹೇಳಿದ್ದು ಒಂದೇ ಮಾತು: "ಪ್ರಶ್ನೆ ಕೇಳಿ. ಹೇಳಿದ್ದನ್ನು ಬರೆಯಿರಿ. ಹುಬ್ಬು ಕೂಡ ಏರಿಸಬೇಡಿ. ನಿಮ್ಮ ಹುಬ್ಬು ಏರಿದರೆ ನನ್ನ ಸರಾಸರಿ ಏರುತ್ತೆ."

ನಾನು ಹುಬ್ಬು ಕಟ್ಟಿಹಾಕಿಕೊಂಡು ಬೀದಿಗಿಳಿದೆ.

ಮೊದಲು ಕಟಿಂಗ್ ಶಾಪು. ಅವನು ಕುರ್ಚಿಯ ಧೂಳು ಹೊಡೆದು, ಗಿರಾಕಿಗೆ ಹಾಕುವ ಬಿಳಿ ಬಟ್ಟೆಯಿಂದಲೇ ಒರೆಸಿ, ನನ್ನನ್ನು ಕನ್ನಡಿಯ ಮುಂದೆ ಕೂರಿಸಿದ.

"ತಿಂಗಳ ಆದಾಯ?"

ಅವನು ಕನ್ನಡಿಯಲ್ಲಿ ನನ್ನ ಮುಖ ನೋಡಿದ. "ನಿಮ್ಮದು ಮೂವತ್ತೆರಡು ಅಲ್ವಾ ಟೀಚರಮ್ಮ?"

"ನನ್ನದಲ್ಲ, ನಿನ್ನದು ಹೇಳಪ್ಪ."

"ಹಾಗಾದ್ರೆ ನಂದು ಮೂವತ್ಮೂರು ಬರ್ಕೊಳ್ಳಿ."

ಹುಬ್ಬು ಏರಿತು. ಎಳೆದು ಕೂರಿಸಿ ಬರೆದುಕೊಂಡೆ.

ಬೇಕರಿಯವನು ಇನ್ನೂ ಹುಷಾರು. "ಕಟಿಂಗ್ ಶಾಪಿನವನು ಎಷ್ಟು ಬರೆಸ್ದ?" ಎಂದ. ಬೇರೆಯವರದು ಹೇಳುವ ಹಾಗಿಲ್ಲ ಎಂದೆ. "ಹೋಗ್ಲಿ ಬಿಡಿ. ನಿಮಗಿಂತ ಒಂದು ಸಾವಿರ ಜಾಸ್ತಿ ಹಾಕಿ. ನಮ್ಮ ಭಾವಮೈದ ಓದಬೇಕು, ಓದಿ ನೀರು ಕುಡೀಬೇಕು." ಟೈಲರು ಕೊರಳಿನ ಟೇಪನ್ನೇ ಬೆರಳಿಗೆ ಸುತ್ತುತ್ತ, ಮೂವತ್ತೆರಡರಿಂದ ಒಂದಿಂಚು ಮುಂದಕ್ಕೆ ಉಗುರು ಇಟ್ಟು ತೋರಿಸಿದ. ಬೀಗ ರಿಪೇರಿಯವನಿಗೆ ಮಾತು ಕಡಿಮೆ, ಅವನು "ಎಲ್ಲಾರೂ ಎಷ್ಟೋ ಅಷ್ಟೇ," ಎಂದ. ಅದನ್ನು ಬರೆಯಲು ಬರುವುದಿಲ್ಲ ಎಂದಾಗ, "ಮೂವತ್ಮೂರು," ಎಂದು ಸ್ಪಷ್ಟವಾಗಿ ಹೇಳಿದ.

ಯಾಕೆ ನೇರವಾಗಿ ಲಕ್ಷ ಎನ್ನಲಿಲ್ಲ ಎಂದು ನೀವು ಕೇಳಬಹುದು. ನಮ್ಮ ಬೀದಿಯವರು ಸುಳ್ಳಿನಲ್ಲೂ ಮರ್ಯಾದಸ್ಥರು. ಬೀದಿಯಲ್ಲಿ ಎಲ್ಲರಿಗೂ ಗೊತ್ತಿರುವ, ಪೇಪರಿನಲ್ಲಿ ಅಚ್ಚಾದ, ಯಾರೂ ಅಲ್ಲಗಳೆಯಲಾಗದ ಒಂದೇ ಒಂದು ಸಂಬಳ ನನ್ನದು. ಅದು ಅವರಿಗೆ ಗೋಡೆಯ ಮೇಲಿನ ಗೀಟಿದ್ದಂತೆ. ಮಕ್ಕಳು ಗೋಡೆಗೆ ಬೆನ್ನು ಹಚ್ಚಿ ನಿಂತು ಅಕ್ಕನಿಗಿಂತ ಒಂದು ಬೆರಳು ಎತ್ತರ ಎನ್ನುತ್ತವಲ್ಲ, ಹಾಗೆ ಎಲ್ಲರೂ ನನ್ನ ಪಕ್ಕ ನಿಂತು ತುದಿಗಾಲ ಮೇಲೆ ಎದ್ದರು.

ಕೊನೆಗೆ ನಮ್ಮ ಮನೆ. ಯಜಮಾನಿ ಅತ್ತೆ. ಸಮೀಕ್ಷೆ ಅಂದರೆ ಸಮೀಕ್ಷೆ, ಅವರನ್ನು ಎದುರಿಗೆ ಕೂರಿಸಿ ಕೇಳಿದೆ.

"ನಿಮ್ಮ ಸ್ವಂತ ದುಡಿಮೆ ಎಷ್ಟು ಅತ್ತೆ? ಗುಂಡಿ, ಕಾಜದ್ದು?"

"ಸೊಸೆಗಿಂತ ಒಂದು ಸಾವಿರ ಜಾಸ್ತಿ."

"ಅತ್ತೆ, ದೇವರಾಣೆಗೂ..."

"ಹೇಳಿದ್ದನ್ನ ಬರೀಬೇಕಂತ ನಿಮ್ಮ ಸಾಹೇಬ್ರು ಹೇಳಿಲ್ವಾ? ಬರಿ. ಹುಬ್ಬು ಇಳಿಸು."

ತಿಂಗಳಿಗೆ ಮೂವತ್ಮೂರು ಸಾವಿರದ ಗುಂಡಿ ಹೊಲಿಯಬೇಕಾದರೆ ಇಡೀ ಪ್ರಾಂತ್ಯದ ಅಂಗಿಗಳೆಲ್ಲ ಒಂದೇ ಸಲ ಗುಂಡಿ ಕಿತ್ತುಕೊಂಡು ನಮ್ಮ ಮನೆ ಬಾಗಿಲಿಗೆ ಬರಬೇಕು. ಬರೆದೆ. ಅಂದು ರಾತ್ರಿ ಊಟಕ್ಕೆ ಕೂತಾಗ ಹುದ್ದೆಯ ವಿಷಯ ಹೇಳಿಬಿಡಲೇ ಎಂದು ಎರಡು ಸಲ ಬಾಯಿ ತೆರೆದು ಎರಡು ಸಲವೂ ತುತ್ತು ಇಟ್ಟುಕೊಂಡೆ. ಹೇಳಿದ್ದರೆ ಅವರು ಬೆಳಗಾಗುವಷ್ಟರಲ್ಲಿ ಬೀದಿಯ ಬಾಯೆಲ್ಲ ತಿದ್ದಿಸಿಬಿಡುತ್ತಿದ್ದರು. ಹಾಗೆ ಉಳಿಯುವುದು ನನಗೆ ಬೇಕಿರಲಿಲ್ಲ. ನನಗೆ ಕೊಬ್ಬು ಎನ್ನಿ, ಪರವಾಗಿಲ್ಲ.

ಎರಡು ತಿಂಗಳಿಗೆ ಪೇಪರಿನಲ್ಲಿ ಹೊಸ ಪಟ್ಟಿ ಬಂತು. ನಮ್ಮ ಬೀದಿ ಇಡೀ ಪ್ರಾಂತ್ಯಕ್ಕೆ ಎರಡನೆಯದು! ಮೊದಲನೆಯದು ವಕೀಲರು, ಡಾಕ್ಟರುಗಳು ಇರುವ ಬಡಾವಣೆ. "ಅವರೂ ಸುಳ್ಳು ಬರೆಸಿರ್ತಾರೆ ಬಿಡಿ," ಎಂದ ಕಟಿಂಗ್ ಶಾಪಿನವನು. ಬೇಕರಿಯವನು ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಕೇಕು ಹಂಚಿದ, ಭಾವಮೈದನಿಗೆ ಫೋನ್ ಮಾಡಿ, "ಏನಾದ್ರೂ ಬೇಕಿದ್ರೆ ಸಂಕೋಚ ಪಟ್ಕೋಬೇಡ ಕಣೋ," ಎಂದು ತಣ್ಣಗೆ ಹೇಳಿದ. ಟೈಲರು ಹಳೇ ಬಟ್ಟೆಯ ಮೂಟೆಯನ್ನು ರಿಪೇರಿ ಮಾಡಿ, ಇಸ್ತ್ರಿ ಹಾಕಿ, ಮಾವನ ಮನೆಗೇ ವಾಪಸ್ ಕಳಿಸಿದ. ನನ್ನ ಪಾಲಿಗೆ ಬಂದ ಕೇಕನ್ನು ನಾನೂ ತಿಂದೆ. ರುಚಿಯಾಗಿಯೇ ಇತ್ತು.

ವಾರ ಕಳೆಯುವಷ್ಟರಲ್ಲಿ ಆದೇಶ ಬಂತು. ಬೀದಿಯ ಆದಾಯ ಹೆಚ್ಚಿರುವುದರಿಂದ ಹೆಚ್ಚುವರಿ ಹುದ್ದೆ ರದ್ದು. ಹೊಸ ತರಗತಿಗಳು ಶುರುವಾಗುವ ದಿನದಿಂದ ನಾನು ಹಳೆಯ ಶಾಲೆಗೆ, ಅದೇ ಎರಡು ಗಂಟೆಯ ಬಸ್ಸಿಗೆ.

ಮನೆಯಲ್ಲಿ ಹೇಳಲೇಬೇಕಾಯಿತು. ಮಗಳು ಕೇಳಿದ್ದು ಒಂದೇ ಪ್ರಶ್ನೆ: "ಮತ್ತೆ ಭಾನುವಾರದ ಅಮ್ಮನಾ?" ನನ್ನ ಗಂಡ ಎಂಜಿನ್ ಕೆಟ್ಟಾಗ ಕೂರುವ ಹಾಗೆ ತಲೆ ತಗ್ಗಿಸಿ ಕೂತ. ಅತ್ತೆ ಆದೇಶದ ಕಾಗದವನ್ನು ತಿರುವಿ, ಹಿಂದೆ ಏನಾದರೂ ಬರೆದಿದೆಯೇ ಎಂದು ನೋಡಿದರು.

"ನಾವು ಒಂದು ಸಾವಿರ ಜಾಸ್ತಿ ಅಂದಿದ್ದಕ್ಕಾ?"

"ನೀವೊಬ್ಬರೇ ಅಲ್ಲ ಅತ್ತೆ. ಎಲ್ಲರೂ."

"ನಿನಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಗೊತ್ತಿದ್ದೂ ಬಾಯಿ ಬಿಡದೆ ಬರ್ಕೊಂಡ್ಯಾ? ಎಂಥಾ ಹಟಮಾರಿ ಸೊಸೆ ಗಂಟು ಬಿದ್ಲಪ್ಪ ನನಗೆ!" ಎಂದು ಬೈಯುತ್ತಲೇ ಚಪ್ಪಲಿ ಮೆಟ್ಟಿ ಹೊರಟುಹೋದರು. ಸಿಟ್ಟು ಇಳಿದ ಮೇಲೆ ಬರುತ್ತಾರೆ ಎಂದುಕೊಂಡೆ.

ಮರುದಿನ ಮಧ್ಯಾಹ್ನದ ಬಿಡುವಿನಲ್ಲಿ ನೋಡುತ್ತೇನೆ, ಬೀದಿಯ ಒಂದು ಅಂಗಡಿಯೂ ತೆರೆದಿಲ್ಲ. ಕಟಿಂಗ್ ಶಾಪಿನ ಬಾಗಿಲಿಗೆ ಒಂದು ರಟ್ಟು ನೇತಾಡುತ್ತಿತ್ತು: "ಅಂಕಿಅಂಶ ಕಚೇರಿಗೆ ಹೋಗಿದ್ದೇವೆ. ಗಡ್ಡ ನಾಳೆ." ಸೆರಗು ಸಿಕ್ಕಿಸಿಕೊಂಡು ಓಡಿದೆ.

ಕಚೇರಿಯ ಮೆಟ್ಟಿಲಿಂದಲೇ ಗಲಾಟೆ ಕೇಳುತ್ತಿತ್ತು. ದಶಾಂಶ ಸಾಹೇಬರ ಮೇಜಿನ ಸುತ್ತ ನಮ್ಮ ಬೀದಿ ಪೂರ್ತಿ ನಿಂತಿತ್ತು, ಎದುರಿಗೆ ನಮ್ಮತ್ತೆ.

"ಬರ್ಕೊಳ್ಳಿ ಸಾರ್, ನಂದು ಹತ್ತೊಂಬತ್ತೇ!" ಎನ್ನುತ್ತಿದ್ದ ಕಟಿಂಗ್ ಶಾಪಿನವನು.

"ಸಾರ್, ಅವನದು ಇಪ್ಪತ್ತೆರಡಿದೆ. ನಂಬಬೇಡಿ. ಕಡಿಮೆ ಇರೋದು ನಂದು!" ಎಂದ ಬೇಕರಿಯವನು.

"ಯಾವನೋ ಅದು ಕಡಿಮೆ? ನಿನ್ನ ಒಲೆ ದಿನಕ್ಕೆ ಎರಡು ಸಲ ಉರಿಯುತ್ತೆ!" ಎಂದು ಕಟಿಂಗ್ ಶಾಪಿನವನು ತಿರುಗಿಬಿದ್ದ.

ಇಷ್ಟು ದಿನ ಯಾರು ಹೆಚ್ಚು ಎಂದು ಗುದ್ದಾಡಿದವರು ಈಗ ಯಾರು ಕಡಿಮೆ ಎಂದು ಕಾಲರ್ ಹಿಡಿಯುವ ಮಟ್ಟಕ್ಕೆ ಬಂದಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಟೈಲರು ಮಾತ್ರ ಮೆಲ್ಲಗೆ, "ಸಾರ್, ನಾವೆಲ್ಲ ಸುಳ್ಳು ಹೇಳಿದ್ವಿ. ಮರ್ಯಾದೆಗೆ ಹೇಳಿದ್ವಿ. ಪೇಪರಲ್ಲಿ ಹಾಕಿದ್ರೂ ಸರಿ. ನಮ್ಮ ಟೀಚರನ್ನ ಬಿಟ್ಟುಕೊಡಿ," ಎಂದ. ಮಾವನ ಮನೆಗೆ ಇಸ್ತ್ರಿ ಹಾಕಿ ಬಟ್ಟೆ ಕಳಿಸಿದ ಮನುಷ್ಯನ ಬಾಯಲ್ಲಿ ಈ ಮಾತು ಬಂತಲ್ಲ, ನನ್ನ ಕಣ್ಣು ತುಂಬಿತು.

ದಶಾಂಶ ಸಾಹೇಬರು ಡ್ರಾಯರಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲೆ ಹರಡಿದರು. ಬೇರೆ ಬೀದಿಗಳ ಚಿತ್ರದಲ್ಲಿ ಗೆರೆ ಏರಿ ಇಳಿದು ದಿಬ್ಬದ ಹಾಗಿತ್ತು. ನಮ್ಮ ಬೀದಿಯದು ಒಂದೇ ಒಂದು ನೆಟ್ಟನೆಯ ಗೆರೆ.

"ಇದು ಬೀದಿಯಲ್ಲ, ವಿದ್ಯುತ್ ಕಂಬ," ಎಂದರು. "ಕೇಳಿದವರೆಲ್ಲರದೂ ಮೂವತ್ಮೂರು ಸಾವಿರ. ಟೀಚರ್ ಸಂಬಳ ಮೂವತ್ತೆರಡು. ನನಗೆ ಅವತ್ತೇ ಅರ್ಥವಾಗಿತ್ತು."

"ಅರ್ಥವಾಗಿದ್ರೆ ಅಚ್ಚು ಯಾಕೆ ಹಾಕಿದ್ರಿ?" ಎಂದು ಅತ್ತೆ ಗದರಿದರು.

"ಪಕ್ಕದಲ್ಲಿ ಒಂದು ನಕ್ಷತ್ರ ಹಾಕಿದ್ದೆ ತಾಯಿ. ತಾತ್ಕಾಲಿಕ ಅಂತ ಅರ್ಥ. ನಕ್ಷತ್ರವನ್ನು ಯಾರೂ ನೋಡಲ್ಲ." ಅವರು ನಿಜವಾಗಿಯೂ ನೊಂದುಕೊಂಡಿದ್ದರು. "ಮರುಸಮೀಕ್ಷೆಗೆ ನಾನೇ ಬರ್ತೇನೆ. ಆದರೆ ಒಂದು ಮಾತು. ನೀವು ನಿಜ ಹೇಳಿದರೆ ಪಟ್ಟಿಯ ನಡುವಿಗೆ ಬರ್ತೀರಿ. ಮೊದಲ ಸಲ ನೀವು ಹೇಳಿದಷ್ಟು ಬಡವರೂ ನೀವಲ್ಲ. ನಡುವಿನ ಬೀದಿಗೆ ಹೆಚ್ಚುವರಿ ಟೀಚರ್ ಇಲ್ಲ."

ಮೊದಲ ಸುಳ್ಳಿನಿಂದ ನಾನು ಬಂದೆ, ಎರಡನೇ ಸುಳ್ಳಿನಿಂದ ಹೊರಟೆ, ನಿಜದಿಂದಲೂ ನಾನು ಉಳಿಯುವಂತಿರಲಿಲ್ಲ.

"ಬೇರೆ ದಾರಿ ಇಲ್ವಾ ಸಾರ್?" ಎಂದ ಬೀಗ ರಿಪೇರಿಯವನು. ಅವನು ಅಷ್ಟು ಉದ್ದದ ವಾಕ್ಯ ಆಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಮಕ್ಕಳು. ಮೂವತ್ತೈದು ಮಕ್ಕಳಿಗೆ ಒಬ್ಬರು ಶಿಕ್ಷಕರು. ಭಾಗಿಸಿದಾಗ ಅರ್ಧ ದಾಟಿದರೆ ಮುಂದಿನ ಸಂಖ್ಯೆ. ತೊಂಬತ್ತರ ಹತ್ತಿರ ಮಕ್ಕಳಿದ್ದರೆ ಮೂರನೆಯವರು ನಿಯಮದಲ್ಲೇ ಬರ್ತಾರೆ, ಬಡತನ ಗಿಡತನ ಏನೂ ಬೇಕಿಲ್ಲ."

ಅರವತ್ತೆರಡೆಲ್ಲಿ, ತೊಂಬತ್ತೆಲ್ಲಿ! ಇರುವ ಮಕ್ಕಳನ್ನೆಲ್ಲ ಆಗಲೇ ಸೇರಿಸಿಯಾಗಿತ್ತು. ಎಲ್ಲರೂ ಕಾಲೆಳೆಯುತ್ತ ವಾಪಸ್ ಬಂದೆವು. ದಾರಿಯುದ್ದಕ್ಕೂ ಒಬ್ಬೊಬ್ಬರೂ ನನ್ನ ಹತ್ತಿರ ಬಂದು, ಮೂಗು ಒರೆಸಿಕೊಂಡು ಹಿಂದೆ ಬಿದ್ದರು. ಕಚೇರಿಯ ಮೂಲೆಯಲ್ಲಿ ಒಬ್ಬ ಪೇಪರಿನವನು ಅಂಕಿ ಬರೆದುಕೊಳ್ಳುತ್ತ ಕೂತಿದ್ದನ್ನು ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ.

ಅವನು ಗಮನಿಸಿದ್ದ. ಮರುದಿನ ಅಂಕಿಗಳ ಪುಟದಲ್ಲಿ ಅಂಕಿಯಿಲ್ಲದ ಒಂದು ಸುದ್ದಿ: "ಸುಳ್ಳು ಹೇಳಿದೆವು, ಟೀಚರನ್ನು ಕೊಡಿ: ಇಡೀ ಬೀದಿಯ ಮೊರೆ." ಕಟಿಂಗ್ ಶಾಪಿನವನು ಈ ಸಲ ಗಟ್ಟಿಯಾಗಿ ಓದಲಿಲ್ಲ. ಬೇಕರಿಯವನ ಭಾವಮೈದ ಫೋನ್ ಮಾಡಿದನಂತೆ, ಏನೆಂದನೋ ಗೊತ್ತಿಲ್ಲ. ಬೇಕರಿಯವನು ಆ ಪೂರ್ತಿ ದಿನ ಬನ್ನಿಗೆ ಸಕ್ಕರೆ ಹಾಕುವುದನ್ನೇ ಮರೆತ.

ಮುಂದಿನ ಸೋಮವಾರ ಹೊಸ ಮಕ್ಕಳ ದಾಖಲಾತಿ ಶುರು. ಬೆಳಿಗ್ಗೆ ಶಾಲೆಯ ಮೂಲೆ ತಿರುಗಿದವಳು ಗಕ್ಕನೆ ನಿಂತೆ. ಗೇಟಿನಿಂದ ಬೇಕರಿಯವರೆಗೆ ಸಾಲು. ಅಪ್ಪಂದಿರು, ಅಮ್ಮಂದಿರು, ಕೈ ಹಿಡಿದು ಜೋತು ಬಿದ್ದ ಮಕ್ಕಳು. ಎಲ್ಲ ಪಕ್ಕದ ಬೀದಿ, ಆಚೆ ಬೀದಿಯವರು. ನನಗೆ ತಕ್ಷಣ ಹೊಳೆಯಿತು. ಎರಡನೇ ಸ್ಥಾನದ ಮಹಿಮೆ! ಶ್ರೀಮಂತರ ಬೀದಿಯ ಶಾಲೆ ಎಂದು ಬಂದಿದ್ದಾರೆ.

ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಒಂದು ಕ್ಷಣ, ಒಂದೇ ಒಂದು ಕ್ಷಣ, ಸುಮ್ಮನಿರೋಣ ಅನ್ನಿಸಿತು. ಆಮೇಲೆ ನನ್ನ ಹಾಳು ಸಿಟ್ಟು ನೆತ್ತಿಗೇರಿತು. ಇನ್ನೊಂದು ಸುಳ್ಳಿನ ಮೇಲೆ ಕೂತು ಪಾಠ ಮಾಡುವುದು ನನ್ನಿಂದಾಗದು. ಗೇಟಿನ ಕಟ್ಟೆ ಹತ್ತಿ ನಿಂತೆ.

"ನೋಡಿ, ಎಲ್ಲರೂ ಕೇಳಿಸಿಕೊಳ್ಳಿ. ಈ ಬೀದಿ ಶ್ರೀಮಂತರದ್ದಲ್ಲ. ಪೇಪರಲ್ಲಿ ಬಂದ ಲೆಕ್ಕ ಸುಳ್ಳು. ಇಲ್ಲಿ ಎರಡೂವರೆ ಕೋಣೆ ಇದೆ, ಅರ್ಧ ಕೋಣೆಯಲ್ಲಿ ಹಳೇ ಬೆಂಚು ತುಂಬಿದೆ. ಏನೋ ದೊಡ್ಡದಿದೆ ಅಂತ ಬಂದಿದ್ರೆ ಈಗಲೇ ಮನೆಗೆ ಹೋಗಿ!"

ಸಾಲು ಅಲ್ಲಾಡಲಿಲ್ಲ. ಮುಂದೆ ನಿಂತಿದ್ದ ಪಕ್ಕದ ಬೀದಿಯ ಲಾಂಡ್ರಿಯಾಕೆ, ಒಂದು ಕಂಕುಳಲ್ಲಿ ಒಂದು ಮಗು, ಇನ್ನೊಂದು ಕೈಯಲ್ಲಿ ಇನ್ನೊಂದು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಗೊತ್ತು ಕಣಕ್ಕ. ನಿಮ್ಮ ಬೀದಿಯವರ ಬಟ್ಟೆ ಒಗೆಯೋಳು ನಾನು. ಯಾರ ಜೇಬಲ್ಲಿ ಏನಿರುತ್ತೆ ಅಂತ ನನಗೆ ಗೊತ್ತಿಲ್ವಾ?"

"ಮತ್ತೆ ಯಾಕೆ ಬಂದ್ರಿ?"

"ಒಂದು ಬೀದಿಗೆ ಬೀದಿಯೇ ಅಂಗಡಿ ಮುಚ್ಚಿ ಹೋಗಿ, ನಾವು ಸುಳ್ಳುಗಾರರು, ಬೇಕಾದ್ರೆ ಊರಿಗೆಲ್ಲ ಸಾರಿ ಹೇಳಿ, ಆದ್ರೆ ನಮ್ಮ ಟೀಚರನ್ನ ಮಾತ್ರ ಕಳಿಸಬೇಡಿ ಅಂತ ಕೇಳ್ತಂತಲ್ಲ. ನಮ್ಮ ಬೀದಿ ಶಾಲೆಯ ಮೇಷ್ಟ್ರು ಹೋದ್ರೆ ನಾವು ಒಂದು ಅಂಗಡಿಯ ಅರ್ಧ ಬಾಗಿಲೂ ಮುಚ್ಚಲ್ಲ. ಅಂಥಾ ಟೀಚರ್ ಯಾರು ನೋಡೋಣ, ನಮ್ಮ ಮಕ್ಕಳೂ ಅವರ ಹತ್ರಾನೇ ಇರಲಿ ಅಂತ ಬಂದ್ವಿ. ಅವರು ಎಲ್ಲಿದ್ದಾರೆ, ಸ್ವಲ್ಪ ಕರೀತೀರಾ?"

ಪಕ್ಕದಲ್ಲಿ ನಿಂತಿದ್ದ ಹೆಡ್‌ಮಾಸ್ಟರು, "ಕಟ್ಟೆ ಹತ್ತಿ ಕಿರುಚ್ತಿದ್ದಾರಲ್ಲ, ಇವರೇ," ಎಂದರು. ಸಾಲಿಗೆ ಸಾಲೇ ನಕ್ಕಿತು. ನನಗೆ ಅಳು ಮತ್ತು ನಗು ಒಟ್ಟಿಗೇ ಬಂದು ಮುಖ ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ನನ್ನ ಗಂಡನಿಗೆ ಇದನ್ನು ಹೇಳಬೇಡಿ.

ದಾಖಲಾತಿ ಮುಗಿದ ಮೇಲೆ ದಶಾಂಶ ಸಾಹೇಬರು ತಲೆ ಎಣಿಸಲು ಬಂದರು. ಮಕ್ಕಳನ್ನು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದೆವು. ಬೀದಿಯವರೆಲ್ಲ ಗೇಟಿನ ಹೊರಗೆ. ಸಾಹೇಬರು ಒಂದೊಂದು ತಲೆ ಮುಟ್ಟುತ್ತ ಹೋದರು, ಓಡಾಡಿದ ಒಬ್ಬನನ್ನು ಎರಡು ಸಲ ಮುಟ್ಟಿ ಮತ್ತೆ ಮೊದಲಿಂದ ಶುರು ಮಾಡಿದರು. ತೊಂಬತ್ತೇಳು. ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆಯೇ ಭಾಗಿಸಿದರು.

"ಎರಡು ಬಿಂದು ಏಳು ಏಳು," ಎಂದರು.

ಗೇಟಿನ ಹೊರಗೆ ಯಾರೋ ಅಯ್ಯೋ ಎಂದರು. ಬಹುಶಃ ಬೇಕರಿಯವನು.

ಸಾಹೇಬರು ಅಂಗೈಯನ್ನು, ಆಮೇಲೆ ನನ್ನನ್ನು ನೋಡಿದರು. "ಟೀಚರನ್ನು ಏಳು ಏಳು ಅಂತ ಕತ್ತರಿಸೋಕೆ ಬರಲ್ಲ." ಪೆನ್ನಿನ ಮುಚ್ಚಳ ಹಾಕಿದರು. "ಮೂರು."

ಅವರ ಬಾಯಿಂದ ಇಡೀ ಸಂಖ್ಯೆ! ಕಟಿಂಗ್ ಶಾಪಿನವನು ಹಾಕಿದ ಸಿಳ್ಳೆಗೆ ಮಕ್ಕಳ ಸಾಲು ಚೆಲ್ಲಾಪಿಲ್ಲಿಯಾಯಿತು. ಟೈಲರು ಬೀಗ ರಿಪೇರಿಯವನನ್ನು ತಬ್ಬಿಕೊಂಡ. ನನ್ನ ಮಗಳು ಸಾಲು ಮುರಿದು ಓಡಿಬಂದು ನನ್ನ ಸೊಂಟ ಹಿಡಿದಳು. ಶಿಸ್ತು ಎಂದು ಗದರಬೇಕಿತ್ತು, ಗದರಲಿಲ್ಲ.

ಅದೇ ವಾರ ಸಾಹೇಬರು ಫಾರಂ ಹಿಡಿದು ಮರುಸಮೀಕ್ಷೆಗೆ ಬಂದರು. ಈ ಸಲ ಬೀದಿ ನಿಜ ಹೇಳಿತು. ಹೇಳುವಾಗ ಒಬ್ಬೊಬ್ಬರೂ ಹಲ್ಲು ಕೀಳಿಸಿಕೊಳ್ಳುವವರ ಹಾಗೆ ಮುಖ ಮಾಡಿದರು, ಆದರೂ ಹೇಳಿದರು. ಸಂಜೆ ನಮ್ಮ ಮನೆಗೆ ಬಂದು ಅತ್ತೆಯ ಎದುರಿಗೆ ಕೂತರು. ನಾನು ಟೀ ತಂದಿಟ್ಟು ಬಾಗಿಲ ಬಳಿ ನಿಂತೆ.

"ನಿಮ್ಮ ಸ್ವಂತ ದುಡಿಮೆ ತಾಯಿ?"

"ಮೂರು ಸಾವಿರ. ಶಾಲೆ ಶುರುವಾದಾಗ ಯೂನಿಫಾರಂ ಬಂದ್ರೆ ನಾಲ್ಕು."

ಬರೆದುಕೊಂಡರು. "ಅಷ್ಟೇ ತಾನೇ?"

"ಅಷ್ಟೇ ಹೇಗೆ?" ಅತ್ತೆ ಮುಂದಕ್ಕೆ ಬಾಗಿ ಫಾರಂ ಮೇಲೆ ಬೆರಳಿಟ್ಟರು. "ಇಲ್ಲಿ ಇತರೆ ಆದಾಯ ಅಂತ ಒಂದು ಜಾಗ ಖಾಲಿ ಬಿಟ್ಟಿದ್ದೀರಲ್ಲ?"

"ಹೌದು. ಬಾಡಿಗೆ, ಬಡ್ಡಿ, ಅಂಥದ್ದೇನಾದ್ರೂ ಇದೆಯಾ?"

"ಸೊಸೆ ನಾಲ್ಕೂವರೆಗೆಲ್ಲ ಮನೆಗೆ ಬರ್ತಾಳೆ. ಬರ್ಕೊಳ್ಳಿ."

ಸಾಹೇಬರ ಪೆನ್ನು ನಿಂತಿತು. "ತಾಯಿ, ಅದು ಆದಾಯ ಅಂತ..."

"ಹೇಳಿದ್ದನ್ನ ಬರೀಬೇಕು ಅಂತ ನೀವೇ ಹೇಳಿಕೊಟ್ಟಿದ್ದಂತೆ," ಎಂದರು ಅತ್ತೆ, ನನ್ನ ಕಡೆ ತಿರುಗಿಯೂ ನೋಡದೆ. "ಹುಬ್ಬು ಇಳಿಸಿ, ಬರೀರಿ."

ದಶಾಂಶ ಸಾಹೇಬರು ಬರೆದುಕೊಂಡರು.